ಎರಡು ಕೈಗಳ ಸರಾಸರಿ

ಮೇ ತಿಂಗಳ ವಿಶಾಖಪಟ್ಟಣದಲ್ಲಿ ನನ್ನ ಹೆಂಡತಿ ಉಣ್ಣೆಯ ಸಾಕ್ಸ್ ಹಾಕಿಕೊಂಡು ಓಡಾಡುತ್ತಿದ್ದಳು. ಸ್ನಾನ ಮಾಡಿ ಟವೆಲ್ ಒಣಹಾಕುವುದರೊಳಗೆ ಮತ್ತೆ ಬೆವರು ಇಳಿಯುವ ಊರು ಅದು. ಅಂಥ ಊರಲ್ಲಿ ಇವಳು, ನಾನು ಯಾವಾಗಲೋ ದಿಲ್ಲಿಗೆ ತರಬೇತಿಗೆ ಹೋದಾಗ ಕೊಂಡಿದ್ದ ಬೂದು ಬಣ್ಣದ ಸಾಕ್ಸ್ ಏರಿಸಿಕೊಂಡು, ಅದರ ಮೇಲೆ ಹವಾಯಿ ಚಪ್ಪಲಿ ಸಿಕ್ಕಿಸಿಕೊಂಡು ಅಡುಗೆ ಮಾಡುತ್ತಿದ್ದಳು. ಪಕ್ಕದ ಕ್ವಾರ್ಟರ್ಸಿನ ಆಂಟಿ ನೋಡಿ ನಕ್ಕರು. ನಾನೂ ನಕ್ಕೆ.

"ಕಾಲು ಥಣ್ಣಗ ಆಗ್ತಾವ್ರೀ," ಎಂದಳು.

"ಫ್ಯಾನ್ ಸಣ್ಣದ ಮಾಡು," ಎಂದೆ.

ಇದನ್ನು ಮೊದಲೇ ಬರೆದುಬಿಡುತ್ತೇನೆ. ಆಮೇಲೆ ಎಷ್ಟೋ ಡಾಕ್ಟರರು ಎಷ್ಟೋ ಯಂತ್ರ ಹಚ್ಚಿ ಹುಡುಕಿದ್ದು ಆ ಸಾಕ್ಸಿನೊಳಗೇ ಇತ್ತು. ನಾನು ಫ್ಯಾನಿನ ಕಡೆ ನೋಡಿದೆ.

ನಾವು ಧಾರವಾಡದ ಕಡೆಯವರು. ಸರಕಾರಿ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಅಲ್ಲಿಗೆ ಬಂದು, ಟೌನ್‌ಶಿಪ್ಪಿನಲ್ಲಿ ಮನೆ ಮಾಡಿ ಹನ್ನೆರಡು ವರ್ಷವಾಗಿತ್ತು. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಕಳೆದಿರಬೇಕು. ಕೊಳವೆಗಳಲ್ಲಿ ಹರಿಯುವ ಉಗಿ, ಗಾಳಿ, ನೀರು ಇವುಗಳ ಒತ್ತಡ ಅಳೆಯುವ ಗೇಜುಗಳನ್ನು ಸರಿಯಾಗಿ ಇಟ್ಟುಕೊಳ್ಳುವುದು ನನ್ನ ಕೆಲಸ. ಒತ್ತಡದ ವಿಷಯ ಯಾರಾದರೂ ಎತ್ತಿದರೆ ಸಾಕು, ನನಗೆ ಗೊತ್ತು ಎಂದು ಮೂಗು ತೂರಿಸುವವನು ನಾನು. ಮಗಳು ಅಲ್ಲೇ ಹುಟ್ಟಿದವಳು. ಒಂಬತ್ತು ವರ್ಷ. ನಮ್ಮ ಜೊತೆ ಮಾತಾಡಲು ಕನ್ನಡ, ಜಗಳವಾಡಲು ತೆಲುಗು.

ಹೆಂಡತಿಗೆ ತಲೆನೋವು ಶುರುವಾಗಿ ಒಂದು ವರ್ಷವಾಗಿತ್ತು. ಸಂಜೆಯಾದರೆ ತಲೆ ಸಿಡಿಯುತ್ತದೆ ಎನ್ನುತ್ತಿದ್ದಳು. ಪಕ್ಕದ ಆಂಟಿ ಇದು ಪರವಾಡ ಕಡೆಯ ಗಾಳಿ, ಔಷಧಿ ಫ್ಯಾಕ್ಟರಿಗಳ ವಾಸನೆ, ಕಿಟಕಿ ಹಾಕಿಕೋ ಎಂದರು. ಕಿಟಕಿ ಹಾಕಿಕೊಂಡೆವು. ತಲೆನೋವು ಹೋಗಲಿಲ್ಲ, ಸೆಖೆ ಹೆಚ್ಚಾಯಿತು. ಆ ಗಾಳಿಯದು ಏನೂ ತಪ್ಪಿರಲಿಲ್ಲ, ಪಾಪ. ಒಂದು ಭಾನುವಾರ ಕೈಲಾಸಗಿರಿ ಗುಡ್ಡಕ್ಕೆ ಹೋಗಿ ಮೆಟ್ಟಿಲು ಹತ್ತುವಾಗ ಅರ್ಧದಲ್ಲೇ ಕೂತುಬಿಟ್ಟಳು. ಮೀನಖಂಡ ಹಿಡಿದುಕೊಂಡಿತು, ಕಾಲಲ್ಲಿ ಶಕ್ತಿಯೇ ಇಲ್ಲ ಎಂದಳು. ವಾಕಿಂಗ್ ಮಾಡು ಎಂದರೆ ಮಾಡುವುದಿಲ್ಲ, ಇನ್ನೇನಾಗುತ್ತದೆ ಎಂದು ಅಷ್ಟು ಜನರ ಮುಂದೆ ಬೈದೆ. ಮಗಳು ಅಮ್ಮನ ಪಕ್ಕ ಕೂತು ನನ್ನನ್ನೇ ದುರುಗುಟ್ಟಿ ನೋಡಿದಳು.

ಟೌನ್‌ಶಿಪ್ ಆಸ್ಪತ್ರೆಯ ಡಾಕ್ಟರರು ತಲೆನೋವಿಗೆ ಬಿಪಿ ಇರಬಹುದು, ಮನೆಯಲ್ಲೂ ನೋಡುತ್ತಿರಿ ಎಂದರು. ನನಗೆ ಅಷ್ಟು ಸಾಕಾಯಿತು. ಮರುದಿನವೇ ಪೇಟೆಗೆ ಹೋಗಿ ಬ್ಯಾಟರಿಯ ಬಿಪಿ ಮಿಷನ್ ತಂದೆ. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ತಾನೇ ಗಾಳಿ ತುಂಬಿಕೊಂಡು ಅಂಕಿ ತೋರಿಸುವಂಥದ್ದು. ಒಂದು ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದು, 'ಬೆಳಿಗ್ಗೆ', 'ಸಂಜೆ' ಎಂದು ಎರಡು ಕಾಲಂ ಮಾಡಿದೆ.

ಬೆಳಿಗ್ಗೆ ನಾನು ಶಿಫ್ಟ್ ಬಸ್ಸಿಗೆ ಹೊರಡುವ ಮುನ್ನ ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುತ್ತಿದ್ದಳು. ಹನ್ನೆರಡು ವರ್ಷ ಆಂಧ್ರದ ನೀರು ಕುಡಿದರೂ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ತಪ್ಪಿದ ದಿನವಿಲ್ಲ. ಊರಿಂದ ಬರುವವರೆಲ್ಲ ಹಿಟ್ಟಿನ ಗಂಟು ಹೊತ್ತೇ ಬರಬೇಕು. ನಾನು ಮಿಷನ್ ಹಿಡಿದು ಹೋದರೆ ಅವಳು ರೊಟ್ಟಿ ಬಿಡುತ್ತಿರಲಿಲ್ಲ. ಬಲಗೈ ತುಂಬ ಹಿಟ್ಟು. ಎಡಗೈಯನ್ನು ಸೆರಗಿಗೆ ಒರೆಸಿ ಇತ್ತ ಚಾಚುತ್ತಿದ್ದಳು. ಸ್ಟೂಲಿನ ಮೇಲೆ ಕೂರಿಸಿ ಪಟ್ಟಿ ಸುತ್ತುತ್ತಿದ್ದೆ. ತೊಂಬತ್ತಾರು, ತೊಂಬತ್ತೆಂಟು, ನೂರು. ಸಂಜೆ ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಟೇಬಲ್ಲು ಅವಳ ಬಲಕ್ಕೆ ಇತ್ತು. ಬಲಗೈಯನ್ನು ಅದರ ಮೇಲೆ ಚಾಚುತ್ತಿದ್ದಳು. ನೂರಾ ಎಂಬತ್ತು, ನೂರಾ ಎಂಬತ್ನಾಲ್ಕು, ಒಮ್ಮೆ ನೂರಾ ತೊಂಬತ್ತು.

ನನಗೆ ತಲೆ ಚಿಟ್ಟು ಹಿಡಿಯಿತು. ಒಬ್ಬಳೇ ಹೆಂಗಸು ಬೆಳಿಗ್ಗೆ ಒಂದು, ಸಂಜೆ ಅದರ ಎರಡು ಪಟ್ಟು ಹೇಗೆ ಆಗುತ್ತಾಳೆ? ಮಿಷನ್ ಕೆಟ್ಟಿದೆ ಎಂದುಕೊಂಡು ಅದನ್ನು ಊಟದ ಡಬ್ಬಿಯ ಜೊತೆ ಚೀಲದಲ್ಲಿಟ್ಟುಕೊಂಡು ಕಾರ್ಖಾನೆಗೆ ಒಯ್ದೆ. ನಮ್ಮ ಲ್ಯಾಬಿನಲ್ಲಿ ಗೇಜುಗಳನ್ನು ಪರೀಕ್ಷಿಸುವ ಬೆಂಚಿಗೆ ಅದರ ರಬ್ಬರ್ ನಳಿಗೆ ಜೋಡಿಸಿ ಐದು ಕಡೆ ತಾಳೆ ನೋಡಿದೆ. ಎಲ್ಲೂ ಎರಡು ಅಂಕಿಗಿಂತ ಹೆಚ್ಚು ತಪ್ಪಿಲ್ಲ.

"ಸಾರ್, ಮಿಷನ್ ಚೆನ್ನಾಗೇ ಇದೆ. ಮೇಡಂ ಗಾರನ್ನೇ ಒಮ್ಮೆ ಬೆಂಚಿಗೆ ಕರೆದುಕೊಂಡು ಬನ್ನಿ," ಎಂದು ಲ್ಯಾಬಿನ ಟೆಕ್ನಿಶಿಯನ್ ನಕ್ಕ. ನನಗೆ ನಗು ಬರಲಿಲ್ಲ. ಮಿಷನ್ ಸರಿ ಇದೆ, ಅಂಕಿ ಸರಿ ಇಲ್ಲ. ಇದು ನನ್ನ ವೃತ್ತಿಗೇ ಮಾಡಿದ ಅವಮಾನ ಎನ್ನಿಸಿತು.

ಆಗ ನಾನು ಮಾಡಿದ್ದು, ಇವತ್ತಿಗೂ ಬರೆಯಲು ಕೈ ಹಿಂಜರಿಯುವ ಕೆಲಸ. ಕಾರ್ಖಾನೆಯಲ್ಲಿ ಒಂದೇ ಕೊಳವೆಯ ಮೇಲೆ ಎರಡು ಗೇಜು ಇದ್ದು, ಅವೆರಡೂ ಸ್ವಲ್ಪ ಬೇರೆ ಬೇರೆ ತೋರಿಸಿದರೆ ನಾವು ಸರಾಸರಿ ಹಿಡಿಯುತ್ತೇವೆ. ಅದೇ ರೂಢಿ ಕೈಗೆ ಬಂತು. ಮೂರನೆಯ ಕಾಲಂ ಎಳೆದು 'ಸರಾಸರಿ' ಎಂದು ಬರೆದೆ. ತೊಂಬತ್ತಾರು ಮತ್ತು ನೂರಾ ಎಂಬತ್ನಾಲ್ಕು, ಸರಾಸರಿ ನೂರಾ ನಲವತ್ತು. ಮರುದಿನ ನೂರಾ ನಲವತ್ತೊಂದು. ಅದರ ಮರುದಿನ ಮತ್ತೆ ನೂರಾ ನಲವತ್ತು. ಆ ಕಾಲಂ ಎಷ್ಟು ಸಮಾಧಾನವಾಗಿತ್ತು ಎಂದರೆ ಗ್ರಾಫ್ ಹಾಳೆಯ ಮೇಲೆ ಅದನ್ನು ಹಾಕಿದರೆ ಇರುವೆ ಸಾಲಿನ ಹಾಗೆ ನೆಟ್ಟಗೆ ಹೋಗುತ್ತಿತ್ತು. ದೇಹ ಬೆಳಿಗ್ಗೆ ತಣ್ಣಗಿರುತ್ತದೆ, ಸಂಜೆ ದಣಿದು ಏರುತ್ತದೆ ಎಂದು ಒಂದು ಸಿದ್ಧಾಂತವನ್ನೂ ಕಟ್ಟಿದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಆ ಮೂರನೆಯ ಕಾಲಮನ್ನೇ ಡಾಕ್ಟರರಿಗೆ ಓದಿ ಹೇಳಿದೆ. ಅವರ ರೂಮಿನಲ್ಲಿ ರೋಗಿಯ ಸ್ಟೂಲು ಟೇಬಲ್ಲಿನ ಪಕ್ಕ ಇತ್ತು. ಕೂತವರ ಎಡಗೈ ಡಾಕ್ಟರರ ಕಡೆ ಬರುತ್ತಿತ್ತು. ಅವರು ಆ ಕೈಗೇ ಪಟ್ಟಿ ಸುತ್ತಿ, ಇಲ್ಲಿ ನೂರೇ ಇದೆಯಲ್ಲ, ಮನೆಯಲ್ಲಿ ನೂರಾ ನಲವತ್ತೇ, ಎಂದು ನನ್ನನ್ನು ನೋಡಿದರು. "ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಏರುತ್ತದೆ. ಇವರಿಗೆ ಮನೆಯಲ್ಲಿ ಏರುತ್ತಿದೆ. ಮನೆಯಲ್ಲೇನಾದರೂ ಟೆನ್ಷನ್ನಾ?" ಎಂದರು.

ಹೊರಗೆ ಬಂದ ಮೇಲೆ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ರೋಗದ ಹೆಸರು ಗೊತ್ತಾತು ತಗೋರಿ. ನನಗ ನೀವ ಏರೀರಿ." ಉಪ್ಪು ಕಡಿಮೆ ಮಾಡಲು ಹೇಳಿ ಒಂದು ಸಣ್ಣ ಮಾತ್ರೆ ಕೊಟ್ಟಿದ್ದರು. ಅದನ್ನೇ ನುಂಗುತ್ತ ಹತ್ತು ತಿಂಗಳು ಕಳೆದಳು. ನೋಟ್‌ಬುಕ್ ತುಂಬಿತು. ಎರಡನೆಯದು ಶುರುಮಾಡಿದೆ.

ಒಂದು ದಿನ ಬೆಳಿಗ್ಗೆ ರೊಟ್ಟಿ ಮುಗಿಸಿ ಹಂಚು ಇಳಿಸುವಾಗ ಅವಳ ಮೂಗಿನಿಂದ ರಕ್ತ ಬಂತು. ಮೊದಲು ಹನಿ ಹನಿ, ಆಮೇಲೆ ಧಾರೆ. ಟವೆಲ್ ನೆಂದಿತು, ಇನ್ನೊಂದು ಟವೆಲ್ಲೂ ನೆಂದಿತು. ಮಗಳನ್ನು ಪಕ್ಕದ ಆಂಟಿಯ ಮನೆಗೆ ಕಳಿಸಿ ಇವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ನಮ್ಮ ಡಾಕ್ಟರರು ರಜೆಯಲ್ಲಿದ್ದರು. ಅವರ ಜಾಗದಲ್ಲಿ ಒಬ್ಬ ಲೇಡಿ ಡಾಕ್ಟರ್ ಇದ್ದರು, ಕಾಲೇಜು ಮುಗಿಸಿ ನಿನ್ನೆ ಮೊನ್ನೆ ಬಂದವರಂತೆ ಕಾಣುತ್ತಿದ್ದರು. ಇವರಿಗೇನು ಗೊತ್ತಾಗುತ್ತದೆ ಎಂದು ನನಗೆ ಒಳಗೊಳಗೇ ಸಿಟ್ಟು.

ಅವರು ಇವಳನ್ನು ಮಂಚದ ಮೇಲೆ ಒರಗಿಸಿ ಮೂಗಿಗೆ ಹತ್ತಿ ಇಟ್ಟು ಒತ್ತಿ ಹಿಡಿಯಲು ಹೇಳಿದರು. ಮಂಚದ ಎಡ ಬದಿ ಗೋಡೆಗೆ ತಾಗಿತ್ತು. ಹಾಗಾಗಿ ಬಲಗೈಗೆ ಪಟ್ಟಿ ಸುತ್ತಿದರು. ನೂರಾ ತೊಂಬತ್ತಾರು.

"ಸಾಧ್ಯವೇ ಇಲ್ಲ," ಎಂದೆ. "ಬೆಳಿಗ್ಗೆ ಆರು ಗಂಟೆಗೆ ನಾನೇ ನೋಡಿದ್ದೇನೆ. ತೊಂಬತ್ತಾರು." ಚೀಲದಿಂದ ನೋಟ್‌ಬುಕ್ ತೆಗೆದು ಮುಂದೆ ಹಿಡಿದೆ. ಆ ಹುಡುಗಿ ಡಾಕ್ಟರ್ ಪುಟ ತಿರುಗಿಸಿದರು. ಮೂರನೆಯ ಕಾಲಂ ನೋಡಲೇ ಇಲ್ಲ. ಮೊದಲಿನ ಎರಡನ್ನೇ ಬೆರಳಿಟ್ಟು ನೋಡುತ್ತ ಹೋದರು.

"ಬೆಳಿಗ್ಗೆ ಯಾವ ಕೈ ನೋಡುತ್ತೀರಿ?" ಎಂದು ತೆಲುಗಿನಲ್ಲಿ ಕೇಳಿದರು.

"ಯಾವ ಕೈಯಾದರೇನು?"

ಮಂಚದಿಂದ ಹೆಂಡತಿಯ ಮಾತು ಬಂತು, ಮೂಗು ಹಿಡಿದುಕೊಂಡೇ. "ಮುಂಜಾನೆ ಎಡಗೈ ಅನ್ರಿ. ಬಲಗೈ ತುಂಬ ಹಿಟ್ಟಿರ್ತದ. ಸಂಜೀಕ ಬಲಗೈ."

ಡಾಕ್ಟರಿಗೆ ಕನ್ನಡ ತಿಳಿಯದು. ಅದನ್ನು ತೆಲುಗಿನಲ್ಲಿ ಹೇಳಲು ಬಾಯಿ ತೆರೆದೆ. ಬೆಳಿಗ್ಗೆ ಎಡಗೈ, ಸಂಜೆ ಬಲಗೈ. ಅರ್ಧ ಹೇಳುವಾಗಲೇ ನನ್ನ ಮಾತು ನನಗೇ ಕೇಳಿಸಿತು.

ಅವರು ಎಡಗೈಗೆ ಪಟ್ಟಿ ಸುತ್ತಿದರು. ನೂರಾ ಎರಡು. ಎರಡೂ ಮುಂಗೈಗಳ ನಾಡಿ ಒಟ್ಟಿಗೆ ಹಿಡಿದು ಕಣ್ಣು ಮುಚ್ಚಿ ನಿಂತರು. ಆಮೇಲೆ, "ಸಾಕ್ಸ್ ಬಿಚ್ಚಿ," ಎಂದು ನನಗೆ ಹೇಳಿದರು.

ನಾನು ಅವಳ ಪಾದಕ್ಕೆ ಕೈ ಹಾಕಿದೆ. ಅವಳು ಕೆಂಡ ತಾಗಿದ ಹಾಗೆ ಕಾಲು ಎಳೆದುಕೊಂಡಳು. "ನೀವು ಬ್ಯಾಡ್ರಿ. ಗಂಡಾ ಆದಂವ ಕಾಲು ಮುಟ್ಟಬಾರದು. ಪಾಪ ನನಗ ಹತ್ತತದ." ಒಂದು ಕೈಯಲ್ಲಿ ಮೂಗು ಹಿಡಿದು ಇನ್ನೊಂದು ಕೈಯಲ್ಲಿ ತಾನೇ ಸಾಕ್ಸ್ ಕಿತ್ತಳು. ಹಬ್ಬ ಹುಣ್ಣಿಮೆಗೆ ಅವಳು ನನ್ನ ಕಾಲಿಗೆ ಬಿದ್ದಿದ್ದಾಳೆ. ಅವಳ ಕಾಲು ತಣ್ಣಗಿದೆಯೋ ಬೆಚ್ಚಗಿದೆಯೋ ಎಂದು ನಾನು ಒಮ್ಮೆಯೂ ಮುಟ್ಟಿ ನೋಡಿದವನಲ್ಲ.

ಡಾಕ್ಟರ್ ಅವಳ ಪಾದದ ಮೇಲೆ ಬೆರಳಿಟ್ಟರು, ಹರಡಿನ ಹಿಂದೆ ಇಟ್ಟರು, ಪರದೆ ಎಳೆದು ತೊಡೆಯ ಬುಡದಲ್ಲಿ ನೋಡಿದರು. ಹೊರಗೆ ಬಂದಾಗ ಅವರ ಮುಖವೂ ಗೊಂದಲದಲ್ಲಿತ್ತು.

"ಸಿಗುತ್ತಿಲ್ಲ," ಎಂದರು.

"ಏನು ಸಿಗುತ್ತಿಲ್ಲ?"

"ಕಾಲಲ್ಲಿ ಪಲ್ಸ್ ಸಿಗುತ್ತಿಲ್ಲ. ನಾನು ಇದನ್ನು ಪುಸ್ತಕದಲ್ಲಿ ಮಾತ್ರ ಓದಿದ್ದೇನೆ ಸಾರ್. ತಪ್ಪಿದ್ದರೂ ಇರಬಹುದು. ಆದರೆ ಸಿಟಿಗೆ ಹೋಗಲೇಬೇಕು."

ಆ ಕಾಲ ಮೇಲೆ ಓಡಾಡಿಕೊಂಡಿರುವ ಹೆಂಗಸಿನ ಕಾಲಲ್ಲಿ ಪಲ್ಸ್ ಇಲ್ಲ ಎಂದರೆ ಏನರ್ಥ? ನನಗೆ ದಿಕ್ಕೇ ತೋಚಲಿಲ್ಲ. ಮನೆಗೆ ಬಂದು ನೋಟ್‌ಬುಕ್ ಬಿಚ್ಚಿ ಕೂತೆ. ಹೊಸ ಟ್ರೈನಿಗಳು ಬಂದಾಗಲೆಲ್ಲ ನಾನು ಹೇಳುವ ಪಾಠ ಒಂದಿತ್ತು. ಒಂದೇ ಕೊಳವೆಯ ಎರಡು ಗೇಜು ಸ್ವಲ್ಪ ಬೇರೆ ತೋರಿಸಿದರೆ ಸರಾಸರಿ ಹಿಡಿಯಿರಿ, ಅಜಗಜಾಂತರ ಇದ್ದರೆ ಗೇಜನ್ನು ಬೈಯಬೇಡಿ, ಅವೆರಡರ ನಡುವೆ ಕೊಳವೆ ಎಲ್ಲೋ ಕಟ್ಟಿದೆ, ಹೋಗಿ ಹುಡುಕಿ. ಹನ್ನೆರಡು ವರ್ಷ ಹೇಳಿದ ಪಾಠ. ಇಲ್ಲಿ ನನ್ನ ಕಣ್ಣಿಗೆ ಕಂಡದ್ದು ಒಂದೇ ಮಿಷನ್, ಎರಡು ಹೊತ್ತು. ಎರಡು ಕೈ ಕಾಣಲೇ ಇಲ್ಲ.

ಸಿಟಿಯ ದೊಡ್ಡ ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ತೆಗೆದರು. ಬಲಗಡೆಯ ಪಕ್ಕೆಲುಬುಗಳ ಕೆಳಗಿನ ಅಂಚು ಅಲ್ಲಲ್ಲಿ ಇಲಿ ಕಡಿದ ರೊಟ್ಟಿಯ ಹಾಗಿತ್ತು. ಎಡಗಡೆ ನುಣ್ಣಗಿತ್ತು. ರಕ್ತ ಹೋಗಲು ದಾರಿ ಇಲ್ಲದೆ ಪಕ್ಕೆಲುಬಿನ ಸಣ್ಣ ನಾಳಗಳೇ ದಪ್ಪವಾಗಿ ಎಲುಬನ್ನು ಸವೆಸಿವೆ ಎಂದರು. ಎಡಗಡೆ ಯಾಕಿಲ್ಲ ಎಂದು ಕೇಳಿದೆ. ಅದೇ ಇದರ ವಿಶೇಷ ಎಂದರು. ವಿಶೇಷ ಎಂಬ ಪದ ಕೇಳಿದರೆ ಕೆನ್ನೆಗೆ ಹೊಡೆಯಬೇಕು ಎನ್ನಿಸುತ್ತಿತ್ತು.

ಆಮೇಲೆ ಸ್ಕ್ಯಾನ್. ಒಬ್ಬ ಡಾಕ್ಟರರು ಇದು ಹುಟ್ಟಿನಿಂದಲೇ ಬಂದದ್ದು, ಮಹಾಧಮನಿ ಒಂದು ಕಡೆ ಕಿರಿದಾಗಿದೆ, ಎಡಗೈಗೆ ಹೋಗುವ ಕವಲಿಗಿಂತ ಮೊದಲೇ ಕಿರಿದಾಗಿದ್ದು ಅಪರೂಪ ಎಂದರು. ಇನ್ನೊಬ್ಬರು ಅಲ್ಲ, ಇದು ನಾಳದ ಗೋಡೆ ಊದಿಕೊಳ್ಳುವ ಬೇರೆಯೇ ಕಾಯಿಲೆ, ಹರೆಯದ ಹೆಂಗಸರಿಗೆ ಬರುತ್ತದೆ, ಊತ ಇಳಿಯುವ ತನಕ ಮುಟ್ಟಬಾರದು ಎಂದರು. ಒಬ್ಬರದು ಬೇಗ ಕೊಯ್ಯಿರಿ, ಒಬ್ಬರದು ಕೊಯ್ದರೆ ಕೆಟ್ಟಿತು. ಇಬ್ಬರ ದನಿಯಲ್ಲೂ ಅನುಮಾನವಿಲ್ಲ. ಇವರ ಸರಾಸರಿ ತೆಗೆಯುವುದು ಹೇಗೆ? ಕಾರಿಡಾರಿನಲ್ಲಿ ಕೂತು ಎರಡು ಕಾಗದಗಳನ್ನೂ ಮತ್ತೆ ಮತ್ತೆ ಓದಿದೆ. ಓದಿದಷ್ಟೂ ಕಡಿಮೆ ತಿಳಿಯಿತು. ಮೂವತ್ತೈದು ವರ್ಷದ ಹೆಂಗಸು, ಹೀಗೇ ಬಿಟ್ಟರೆ ತಲೆಯಲ್ಲಿ ನರ ಒಡೆಯಬಹುದು ಎಂಬ ಒಂದು ಮಾತಿನಲ್ಲಿ ಮಾತ್ರ ಇಬ್ಬರೂ ಒಂದಾಗಿದ್ದರು.

"ಮಗು ಇದೆಯಾ?" ಎಂದು ಮೊದಲಿನವರು ಕೇಳಿದರು. ಇದೆ ಎಂದೆ. ಹೆರಿಗೆಯಲ್ಲಿ ಉಳಿದದ್ದೇ ಅದೃಷ್ಟ ಎಂದರು. ನಾನು ಹೆಂಡತಿಗೆ ಆ ಮಾತು ಹೇಳಲಿಲ್ಲ.

ರಕ್ತ ಪರೀಕ್ಷೆಗಳಲ್ಲಿ ಊತದ ಸುಳಿವು ಸಿಗಲಿಲ್ಲ. ಎರಡನೆಯವರು ತಮ್ಮ ಮಾತು ಹಿಂದೆ ತೆಗೆದುಕೊಂಡರು. ಇಂಥ ಆಪರೇಷನ್ ಹಿಂದೆ ಮಾಡಿದ ಸರ್ಜನ್ ಒಬ್ಬರು ವಿಜಯವಾಡದಲ್ಲಿದ್ದಾರೆ, ಅಲ್ಲಿಗೆ ಹೋಗಿ ಎಂದರು. ಮಗಳನ್ನು ಆಂಟಿಯ ಮನೆಯಲ್ಲಿ ಬಿಟ್ಟು ಮಧ್ಯಾಹ್ನದ ರೈಲು ಹತ್ತಿದೆವು.

ಅನಕಾಪಲ್ಲಿ ದಾಟುವಾಗ ಹೆಂಡತಿ ರೊಟ್ಟಿ ಬುತ್ತಿ ಬಿಚ್ಚಿದಳು. ಶೇಂಗಾ ಚಟ್ನಿ, ಆಂಟಿ ಕೊಟ್ಟ ಅಲ್ಲಿಯದೇ ಬೆಲ್ಲ. ನಾನು ತಟ್ಟೆ ಮುಟ್ಟಲಿಲ್ಲ. ಹೇಳಿಬಿಡೋಣ ಎಂದು ಹೇಳಿದೆ.

"ತಪ್ಪು ನಂದು. ನಾ ಎರಡೂ ಕೂಡಿಸಿ ಅರ್ಧಾ ಮಾಡಿ ಬರೀತಿದ್ದೆ. ಅದನ್ನ ಡಾಕ್ಟರಿಗೆ ಹೇಳ್ತಿದ್ದೆ. ಹತ್ತು ತಿಂಗಳು ಹಾಳಾತು."

ಅವಳು ರೊಟ್ಟಿ ಮುರಿಯುತ್ತ ಯೋಚಿಸಿದಳು. "ಅಂದ್ರ, ಒಂದು ರೊಟ್ಟಿ ಸುಟ್ಟು ಕರ್ರಗಾಗೇದ, ಇನ್ನೊಂದು ಹಸೀನ ಅದ. ಎರಡೂ ಕೂಡಿ ಹದಾ ಬೆಂದಾವ ಅಂದ್ಹಂಗ ಆತಲ್ರೀ."

"ಹೌದು."

"ಇಷ್ಟು ಓದೀರಿ, ಇದು ತಿಳೀಲಿಲ್ಲೇನು?" ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿ ಕೇಳಿದಳು. ಆಮೇಲೆ ಅವಳೇ, "ಉಣ್ರಿ. ಉಪಾಸ ಕೂತ್ರ ನರ ಅಗಲ ಆಗಂಗಿಲ್ಲ," ಎಂದು ತಟ್ಟೆ ನನ್ನ ಕಡೆ ಸರಿಸಿದಳು. ಉಂಡೆ. ಕಣ್ಣೀರು ಬಂತು. ಚಟ್ನಿ ಖಾರ ಎಂದು ಸುಳ್ಳು ಹೇಳಿದೆ.

ವಿಜಯವಾಡದ ಸರ್ಜನ್ ಸಣ್ಣ ಆಳು, ತಲೆ ಪೂರ್ತಿ ನರೆತಿತ್ತು. ಮಾತು ಕಡಿಮೆ. ಸ್ಕ್ಯಾನನ್ನು ಬೆಳಕಿಗೆ ಹಿಡಿದು, "ಬರುವಾಗ ಬ್ಯಾರೇಜ್ ನೋಡಿದಿರಾ?" ಎಂದು ಕೇಳಿದರು. ನೋಡಿದ್ದೆವು. ಕೃಷ್ಣೆ ಒಂದು ಕಡೆ ಅಂಚಿನ ತನಕ ತುಂಬಿ ನಿಂತಿದ್ದಳು, ಇನ್ನೊಂದು ಕಡೆ ಬರೀ ಮರಳು. "ಇವರ ಎದೆಯಲ್ಲಿ ಅಷ್ಟೇ. ಮೇಲಿನ ಕಡೆ ತಲೆ, ಬಲಗೈ. ಕೆಳಗಿನ ಕಡೆ ಎಡಗೈ, ಹೊಟ್ಟೆ, ಕಾಲು. ನಾನು ಬೆನ್ನಿನ ಎಡಗಡೆ ತೆರೆದು, ಕಿರಿದಾದ ಜಾಗ ಬಿಟ್ಟು ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡುತ್ತೇನೆ. ಬಟ್ಟೆಯ ನಳಿಗೆ ಹೊಲಿಯುವುದು."

ನಾನು ಅದನ್ನು ಹೆಂಡತಿಗೆ ಹೇಳಿದೆ. ಅವಳು, "ಎಂಥಾ ಬಟ್ಟಿ? ಇಳಕಲ್ಲಿಂದು ಏನು?" ಎಂದಳು. ಸರ್ಜನ್ ಏನಂದರು ಎಂದು ಕೇಳಿದರು. ಸೀರೆಯ ಬಟ್ಟೆಯೇ ಎಂದು ಕೇಳುತ್ತಿದ್ದಾಳೆ ಎಂದೆ. ಅದಕ್ಕಿಂತ ಗಟ್ಟಿ ಅಮ್ಮಾ, ಬಣ್ಣ ಮಾತ್ರ ಬಿಳಿ ಎಂದು ನಕ್ಕರು.

ಬೆಳಿಗ್ಗೆಯದು ಎಡಗೈ, ಸಂಜೆಯದು ಬಲಗೈ ಎಂದು ಹೇಳಿ ನೋಟ್‌ಬುಕ್ ಕೊಟ್ಟೆ. ಬೈಸಿಕೊಳ್ಳಲು ಸಿದ್ಧನಾಗಿ ನಿಂತಿದ್ದೆ. ಅವರು ಒಂದೊಂದೇ ಪುಟ ನೋಡಿ, "ಎರಡು ಕೈಯನ್ನೂ ದಿನಾ ಬೇರೆ ಬೇರೆ ಬರೆದಿದ್ದೀರಿ. ಇಂಥ ಲೆಕ್ಕ ಯಾರೂ ತರುವುದಿಲ್ಲ. ತುಂಬ ಉಪಯೋಗ," ಎಂದರು. ತಪ್ಪು ಮಾಡಿದ್ದಕ್ಕೆ ಶಾಭಾಸ್ ಸಿಕ್ಕಿದರೆ ಮನುಷ್ಯ ಕೈ ಎಲ್ಲಿ ಇಟ್ಟುಕೊಳ್ಳಬೇಕು?

ಆಮೇಲೆ ಅವಳನ್ನು ಹೊರಗೆ ಕೂರಿಸಿ ನನಗೊಬ್ಬನಿಗೇ ಒಂದು ಮಾತು ಹೇಳಿದರು. ಹೊಲಿಯುವಷ್ಟು ಹೊತ್ತು ಮಹಾಧಮನಿಗೆ ಚಿಮಟ ಹಾಕಿ ರಕ್ತ ನಿಲ್ಲಿಸಬೇಕಾಗುತ್ತದೆ. ಬೆನ್ನುಹುರಿಗೆ ರಕ್ತ ಹೋಗುವುದು ಅದರ ಕೆಳಗಿನಿಂದ. ಹೊತ್ತು ಜಾಸ್ತಿಯಾದರೆ ಜೀವ ಉಳಿದೂ ಕಾಲು ಆಡದೇ ಹೋಗಬಹುದು.

"ಶೇಕಡಾ ಎಷ್ಟು?" ಎಂದು ಕೇಳಿದೆ. ನನ್ನ ಬುದ್ಧಿ ಎಲ್ಲಿ ಹೋಗುತ್ತದೆ.

"ಅಪರೂಪ. ಆದರೆ ಶೇಕಡಾ ಇರುವುದು ನೂರು ಜನಕ್ಕೆ. ನಿಮ್ಮ ಮನೆಯವರಿಗೆ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ," ಎಂದರು. ಸಹಿ ಹಾಕಿದೆ. ಅವಳಿಗೆ ಹೇಳಬೇಕೋ ಬೇಡವೋ ಎಂದು ಒದ್ದಾಡಿ ಕಡೆಗೆ ಹೇಳಿದೆ. ಅವಳು, "ಹಂಗಾದ್ರ ರೊಟ್ಟಿ ಕೂತು ಬಡೀತೀನಿ. ಗ್ಯಾಸ್ ಕೆಳಗ ಇಡಬೇಕಾಗ್ತದ," ಎಂದಳು.

ಆಪರೇಷನ್ ದಿನ ಬೆಳಿಗ್ಗೆ ಎಂಟಕ್ಕೆ ಒಳಗೆ ಒಯ್ದರು. ಸಾಕ್ಸ್ ಕಳಚಿ ನನ್ನ ಕೈಗೆ ಕೊಟ್ಟರು. ಅದನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಆಸ್ಪತ್ರೆಯ ಎದುರಿನ ಕಾಲುವೆಯ ದಂಡೆಯ ಮೇಲೆ ಅತ್ತಿಂದಿತ್ತ ಓಡಾಡಿದೆ. ಹನ್ನೊಂದಕ್ಕೆ ಮಗಳ ಫೋನ್ ಬಂತು. "ನಾನ್ನಾ, ಆಪರೇಷನ್ ಅಯಿಪೋಯಿಂದಾ?" ಅಪ್ಪಾ, ಮುಗಿಯಿತಾ ಎಂದು ತೆಲುಗಿನಲ್ಲಿ. ಗಾಬರಿಯಲ್ಲಿ ಅವಳಿಗೆ ಕನ್ನಡ ಬರುವುದಿಲ್ಲ. ಇನ್ನೂ ಇಲ್ಲ ಪುಟ್ಟಾ ಎಂದೆ. ಒಂದಕ್ಕೆ ಮತ್ತೆ ಮಾಡಿದಳು. ಇನ್ನೂ ಇಲ್ಲ ಎಂದೆ.

ಎರಡು ಗಂಟೆಗೆ ಸರ್ಜನ್ ಹೊರಗೆ ಬಂದರು. ನಳಿಗೆ ಚೆನ್ನಾಗಿ ಕೂತಿದೆ, ಎರಡು ಕೈಯ ಒತ್ತಡವೂ ಈಗ ಸಮ ಇದೆ ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು. "ಒಳಗೆ ಅಂಟಿಕೊಂಡಿತ್ತು. ಚಿಮಟ ಹಾಕಿದ ಹೊತ್ತು ನಾನು ಎಣಿಸಿದ್ದಕ್ಕಿಂತ ಜಾಸ್ತಿಯಾಯಿತು. ಕಾಲಿನ ವಿಷಯ ಎಚ್ಚರವಾದ ಮೇಲೆ ನೋಡೋಣ."

ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ನನಗೆ ಗೊತ್ತಾಗಲಿಲ್ಲ. ಮಗಳಿಗೆ ಫೋನ್ ಮಾಡಿ ಆಯಿತು ಎಂದೆ. "ಅಮ್ಮ ಚೆನ್ನಾಗಿದ್ದಾಳಾ?" ಎಂದು ಈ ಸಲ ಕನ್ನಡದಲ್ಲಿ ಕೇಳಿದಳು. ನಾಳೆ ಹೇಳುತ್ತೇನೆ ಎಂದೆ. ಅವಳು ಫೋನ್ ಇಟ್ಟುಬಿಟ್ಟಳು.

ಮರುದಿನ ಬೆಳಿಗ್ಗೆ ಬಾಯಿಯ ನಳಿಗೆ ತೆಗೆದರು. ಹತ್ತಕ್ಕೆ ಕೇಳಿದರೆ ಇನ್ನೂ ಮಂಪರು, ಕಾಲು ಆಡಿಸು ಎಂದರೆ ಆಡಿಸುತ್ತಿಲ್ಲ ಎಂದರು. ಹನ್ನೆರಡಕ್ಕೂ ಅದೇ ಮಾತು. ಮಂಪರಿನಿಂದ ಆಡಿಸುತ್ತಿಲ್ಲವೋ, ಆಡಿಸಲು ಆಗುತ್ತಿಲ್ಲವೋ ಎಂದು ಕೇಳಿದೆ. ನರ್ಸಮ್ಮ ನನ್ನ ಮುಖ ನೋಡಿ ಒಳಗೆ ಹೋದರು. ನಾಲ್ಕು ಗಂಟೆಗೆ ನನ್ನನ್ನು ಐದು ನಿಮಿಷ ಒಳಗೆ ಬಿಟ್ಟರು.

ಅವಳ ಕಣ್ಣು ಮುಚ್ಚಿತ್ತು. ಮೈತುಂಬ ವೈರು. ನನ್ನ ಕಣ್ಣು ಅಭ್ಯಾಸಬಲದಿಂದ ಮೊದಲು ಮಾನಿಟರಿನ ಕಡೆ ಹೋಯಿತು. ನೂರಾ ಮೂವತ್ತು ಎಂದು ತೋರಿಸುತ್ತಿತ್ತು. ನರ್ಸಮ್ಮ ಕಿವಿಯ ಹತ್ತಿರ ಬಾಗಿ ಕಾಲು ಆಡಿಸಮ್ಮಾ ಎಂದು ಎರಡು ಸಲ ಕೂಗಿದರು. ಏನೂ ಆಗಲಿಲ್ಲ. ನಾನು ಮಂಚದ ಕಾಲ್ದೆಸೆಗೆ ಹೋದೆ. ಹೊದಿಕೆಯ ಹೊರಗೆ ಎರಡೂ ಪಾದ ಬರಿದಾಗಿ ಕಾಣುತ್ತಿದ್ದವು. ಮುಟ್ಟಲು ಹೆದರಿಕೆಯಾಯಿತು. ಆ ಲೇಡಿ ಡಾಕ್ಟರ್ ಬೆರಳಿಟ್ಟಿದ್ದ ಜಾಗವನ್ನು ನೆನಪು ಮಾಡಿಕೊಂಡು ಬಲ ಪಾದದ ಮೇಲೆ ಮೂರು ಬೆರಳು ಇಟ್ಟೆ.

ಬೆಚ್ಚಗಿತ್ತು. ಬೆರಳ ಕೆಳಗೆ ಏನೋ ತಟ್ಟುತ್ತಿತ್ತು. ನನ್ನ ಬೆರಳಿನದೇ ಇರಬೇಕು ಎಂದು ಅನುಮಾನವಾಗಿ ಇನ್ನಷ್ಟು ಒತ್ತಿ ಹಿಡಿದೆ. ಅಷ್ಟರಲ್ಲಿ ಆ ಪಾದ ನನ್ನ ಕೈಯಿಂದ ಜಾರಿತು. ಹಾಸಿಗೆಯ ಮೇಲೆ ಎಳೆದುಕೊಂಡು ಹೋಗಿ ಹೊದಿಕೆಯೊಳಗೆ ಸೇರಿತು.

"ಬಿಡ್ರಿ," ಎಂದಳು, ಕಣ್ಣು ತೆರೆಯದೆ. ದನಿ ಗೊಗ್ಗರಾಗಿತ್ತು. "ಪಾಪ ಹತ್ತತದ."

ನರ್ಸಮ್ಮ ತಿರುಗಿ ನೋಡಿದರು. ನಾನು ಮಂಚದ ಇನ್ನೊಂದು ಪಕ್ಕಕ್ಕೆ ಬಂದು ಎಡಗಾಲನ್ನೂ ಹಿಡಿದೆ. ಅದನ್ನೂ ಎಳೆದುಕೊಂಡಳು.